ಕೂಡದ ಮೂಳೆ, ಹೇಳದ ಮಾತು

ಗುಂಡ್ಲುಪೇಟೆಯ ಮಸೀದಿಯೊಂದರಲ್ಲಿ ಶುಕ್ರವಾರದ ನಮಾಜಿಗೆ ಹಿಂದಿನ ಸಾಲಿನಲ್ಲಿ ಕುರ್ಚಿ ಹಾಕಿರುತ್ತಾರೆ. ಮೊದಲೆಲ್ಲ ಆ ಕುರ್ಚಿಗಳಲ್ಲಿ ಮಂಡಿನೋವಿನ ಹಿರಿಯರು ಮಾತ್ರ ಕೂರುತ್ತಿದ್ದರು. ಈಗ ಅವರ ನಡುವೆ ಇಪ್ಪತ್ತೈದು, ಮೂವತ್ತರ ಹರೆಯದವರೂ ಕಾಣುತ್ತಾರೆ. ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದವರು, ಕಲ್ಲು ಕ್ವಾರಿಯಲ್ಲಿ ಪೆಟ್ಟು ತಿಂದವರು. ಕಾಲಿನೊಳಗೆ ರಾಡು ಇದೆ. ಸುಜೂದಿಗೆ ಮಂಡಿ ಮಡಚಲಾಗದು.

ಅವರಲ್ಲೊಬ್ಬ ಚೆಂಡುಹೂವಿನ ಮೂಟೆ ಸಾಗಿಸುತ್ತಿದ್ದ ಹುಡುಗ. ಬೈಕು ಉರುಳಿ ಮೊಣಕಾಲ ಕೆಳಗಿನ ಮೂಳೆ ಮುರಿದು ಚರ್ಮ ಸೀಳಿ ಹೊರಬಂದಿತ್ತು. ಬೇರೆ ಊರಿನ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆಯಿತು. ಮೂರು ತಿಂಗಳಲ್ಲಿ ಓಡಾಡುತ್ತೀಯ ಎಂದರು. ಆರನೆಯ ವಾರಕ್ಕೆ ಗಾಯದಿಂದ ಕೀವು ಬಂತು. ಕೇಳಿದಾಗಲೆಲ್ಲ ಸರಿಹೋಗುತ್ತದೆ ಎಂಬ ಒಂದೇ ಉತ್ತರ. ಮತ್ತೆ ಎರಡು ಆಪರೇಷನ್ನು, ಒಂದೂವರೆ ವರ್ಷ, ತಾಯಿ ಸಾಕಿದ್ದ ಆಡುಗಳೆಲ್ಲ ಮಾರಾಟ. ಒಂದು ದಿನ ಅವನು ನಮ್ಮನ್ನು ಕೇಳಿದ: "ಚಾಚಾ, ಇದು ಅಲ್ಲಾಹನ ಮರ್ಜಿಯೋ, ಡಾಕ್ಟರ ತಪ್ಪೋ? ಅದೊಂದು ಹೇಳಿಬಿಡಿ."

ಈ ಪ್ರಶ್ನೆಗೆ ಅವಸರದಲ್ಲಿ ಉತ್ತರಿಸುವುದು ಸುಲಭ. ವಿಧಿಯೆಂದರೆ ಮನಸ್ಸಿಗೆ ಸಮಾಧಾನ, ಡಾಕ್ಟರ ತಪ್ಪೆಂದರೆ ಸಿಟ್ಟಿಗೆ ಒಂದು ದಾರಿ. ಆದರೆ ಸತ್ಯ ಎರಡಕ್ಕೂ ಸುಲಭವಾಗಿ ಒಗ್ಗುವುದಿಲ್ಲ.

ಮೂಳೆಯನ್ನು ಕೂಡಿಸುವುದು ರಾಡೂ ಅಲ್ಲ, ಪ್ಲೇಟೂ ಅಲ್ಲ. ಮೂಳೆ ತಾನಾಗಿಯೇ ಕೂಡಿಕೊಳ್ಳುತ್ತದೆ. ಕೂಡುವವರೆಗೆ ತುಂಡುಗಳು ಅಲುಗದಂತೆ ಹಿಡಿದಿಡುವುದಷ್ಟೇ ಲೋಹದ ಕೆಲಸ. ಮೊಣಕಾಲ ಕೆಳಗಿನ ಮೂಳೆಗೆ ಮುಂಭಾಗದಲ್ಲಿ ಚರ್ಮವೊಂದೇ ಹೊದಿಕೆ, ರಕ್ತದ ಹರಿವೂ ಕಡಿಮೆ. ಹಾಗಾಗಿ ಅದು ಗಟ್ಟಿಯಾಗಲು ಹಲವು ತಿಂಗಳು ಬೇಕು. ಮೂಳೆ ಹೊರಗೆ ಬಂದು ಮಣ್ಣು ಮೆತ್ತಿದ್ದರೆ, ಎಷ್ಟೇ ಶ್ರದ್ಧೆಯಿಂದ ತೊಳೆದು ಆ್ಯಂಟಿಬಯಾಟಿಕ್ ಕೊಟ್ಟರೂ ಕೆಲವರಿಗೆ ಸೋಂಕು ತಗಲುತ್ತದೆ. ಸಕ್ಕರೆ ಕಾಯಿಲೆ ಆ ಅಪಾಯವನ್ನು ಹೆಚ್ಚಿಸುತ್ತದೆ. ಬೀಡಿ ಸಿಗರೇಟು ಮೂಳೆ ಕೂಡುವುದನ್ನು ನಿಧಾನಿಸುತ್ತದೆ. ಒಳ್ಳೆಯ ವೈದ್ಯರ ಕೈಯಲ್ಲೂ ಹೀಗಾಗುವುದುಂಟು. ಇದನ್ನು ತೊಡಕು ಎನ್ನಬಹುದು, ಅಪರಾಧ ಎನ್ನಲಾಗದು.

ಹಾಗಾದರೆ ತಪ್ಪು ಎಲ್ಲಿದೆ? ತೊಡಕು ಬರಬಹುದೆಂದು ಮೊದಲೇ ಹೇಳದಿದ್ದಲ್ಲಿ. ಬಂದ ಮೇಲೆ ಅದನ್ನು ಮುಚ್ಚಿಟ್ಟಲ್ಲಿ. ಮೂರು ತಿಂಗಳು ಎಂಬ ಮಾತನ್ನು ನಂಬಿ ಆ ಮನೆ ಸಾಲ ಎತ್ತಿತು. ಒಂದು ವರ್ಷವಾದರೂ ಆಗಬಹುದು, ಸೋಂಕಿನ ಭಯವಿದೆ ಎಂದು ಹೇಳಿದ್ದರೆ ಅವರು ಬೇರೆ ರೀತಿ ಯೋಚಿಸುತ್ತಿದ್ದರು. ಅವರಿಗೆ ಆ ಯೋಚನೆಯ ಅವಕಾಶವೇ ಸಿಗಲಿಲ್ಲ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಚಿಕಿತ್ಸೆ ಏನು, ಅದರ ಅಪಾಯವೇನು, ಬೇರೆ ದಾರಿಯೇನು ಎಂಬುದನ್ನು ರೋಗಿಗೆ ತಿಳಿಸಿದ ಮೇಲೆಯೇ ಅವನ ಒಪ್ಪಿಗೆಗೆ ಅರ್ಥವಿದೆ ಎಂದು ಹೇಳಿತು. ನಮ್ಮಲ್ಲಿ ಒಪ್ಪಿಗೆ ಎಂದರೆ ಓದಲಾಗದ ಕಾಗದದ ಮೇಲೆ ಒತ್ತಿದ ಹೆಬ್ಬೆಟ್ಟು.

ಜಿಲ್ಲೆಯ ಜನ ಇದನ್ನು ಬೇರೊಂದು ರೀತಿಯಲ್ಲೂ ಅನುಭವಿಸಿದ್ದಾರೆ. 2021ರ ಮೇ ತಿಂಗಳ ಆರಂಭದಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯಿಂದ ರೋಗಿಗಳು ಸತ್ತಾಗ, ಹಾಗೆ ಸತ್ತವರೆಷ್ಟು ಎಂಬುದರಲ್ಲೇ ಅಧಿಕಾರಸ್ಥರ ಮಾತೊಂದು, ಮನೆಯವರ ಮಾತೊಂದಾಯಿತು. ಸಾವಿನ ದುಃಖದ ಮೇಲೆ ಮುಚ್ಚಿಟ್ಟರೆಂಬ ನೋವೂ ಸೇರಿಕೊಂಡಿತು.

ಆದರೆ ವೈದ್ಯರನ್ನಷ್ಟೇ ದೂರಿ ಕೈತೊಳೆದುಕೊಂಡರೆ ನಾವು ನ್ಯಾಯವಂತರಾಗುವುದಿಲ್ಲ. ನಮ್ಮ ಮನೆಗಳೂ ಮಾತು ಮುಚ್ಚಿಡುತ್ತವೆ. ಮೂಳೆ ಮುರಿದಾಗ ನಮ್ಮಲ್ಲಿ ಅನೇಕರು ಮೊದಲು ನೆನೆಯುವುದು ನಾಟಿ ವೈದ್ಯರನ್ನು, ಪುತ್ತೂರು ಕಟ್ಟನ್ನು. ಖರ್ಚು ಕಡಿಮೆ, ಕೊಯ್ಯುವ ಭಯವಿಲ್ಲ, ಕೂತು ಮಾತನಾಡುವ ಸಮಾಧಾನವಿದೆ. ಸರಳ ಮುರಿತಗಳು ಕಟ್ಟಿನಲ್ಲಿ ಕೂಡುವುದೂ ಉಂಟು. ಆದರೆ ಊತ ಏರುತ್ತಿರುವ ಕೈಗೆ ಬಿಗಿಯಾಗಿ ಕಟ್ಟಿದರೆ ರಕ್ತ ಹರಿಯದೆ ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯುತ್ತದೆ. ಮೊಣಕೈ ಮುರಿದ ಮಕ್ಕಳ ಬೆರಳುಗಳು ಹೀಗೆ ಶಾಶ್ವತವಾಗಿ ಮುದುಡಿಹೋಗುವುದನ್ನು ಜರ್ಮನಿಯ ವೈದ್ಯ ಫೋಕ್‌ಮನ್ 1881ರಲ್ಲೇ ವಿವರಿಸಿದ್ದ. ಬೆರಳು ತಣ್ಣಗಾದರೆ, ಮರಗಟ್ಟಿದರೆ, ನೋವು ತಡೆಯಲಾಗದಷ್ಟು ಏರಿದರೆ ಒಡನೆ ಕಟ್ಟು ಬಿಚ್ಚಿಸಿ ಆಸ್ಪತ್ರೆಗೆ ಓಡಬೇಕು. ನಾವು ಮಾಡುವುದೇನು? ಮಗುವಿಗೆ ತಡೆದುಕೋ ಎನ್ನುತ್ತೇವೆ. ಕೊನೆಗೆ ಆಸ್ಪತ್ರೆಗೆ ಹೋದಾಗ, ಬೈಯುತ್ತಾರೆಂಬ ಅಂಜಿಕೆಯಿಂದ, ಕಟ್ಟಿಸಿದ್ದನ್ನೇ ಹೇಳುವುದಿಲ್ಲ. ಬೈಯುವ ವೈದ್ಯರಿಗೂ ಈ ಮೌನದಲ್ಲಿ ಪಾಲಿದೆ.

ಕಟ್ಟುವ ವಿದ್ಯೆಯನ್ನೇ ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಸುಶ್ರುತ ಮೂಳೆ ಮುರಿತದಲ್ಲಿ 12 ಬಗೆ, ಕೀಲು ತಪ್ಪುವುದರಲ್ಲಿ 6 ಬಗೆ ಎಂದು ವಿಂಗಡಿಸಿದ್ದ. ಸಾವಿರ ವರ್ಷಗಳ ಹಿಂದೆ ಸ್ಪೇನಿನ ಕೊರ್ಡೋವಾದಲ್ಲಿದ್ದ ಅಲ್ ಝಹ್ರಾವಿ, ಶಸ್ತ್ರಚಿಕಿತ್ಸೆಯ ತನ್ನ ಗ್ರಂಥದ ಒಂದು ಭಾಗವನ್ನೇ ಮುರಿದ ಮೂಳೆಗೂ ತಪ್ಪಿದ ಕೀಲಿಗೂ ಮೀಸಲಿಟ್ಟ. ಅರಿವಿಲ್ಲದವರ ಕೈಯಲ್ಲಿ ರೋಗಿಗಳಿಗಾದ ಅನಾಹುತಗಳನ್ನು ಬಿಡಿಸಿ ಹೇಳಿಯೇ ಅವನು ಆ ಗ್ರಂಥವನ್ನು ಆರಂಭಿಸಿದ. ಸೋಲನ್ನು ಹೇಳಿಕೊಳ್ಳುವುದು ಆ ವಿದ್ಯೆಯ ಒಂದು ಅಂಗವಾಗಿತ್ತು. ವೈದ್ಯವಿದ್ಯೆ ಅರಿಯದೆ ಚಿಕಿತ್ಸೆಗಿಳಿದವನು ಅದರ ನಷ್ಟಕ್ಕೆ ಹೊಣೆಗಾರ ಎಂಬ ಅರ್ಥದ ಪ್ರವಾದಿ ಮುಹಮ್ಮದ್(ಸ)ರ ವಚನ ಹದೀಸ್ ಸಂಗ್ರಹಗಳಲ್ಲಿದೆ. ಅರಿತು, ಎಚ್ಚರದಿಂದ ಮಾಡಿದವನ ಕೈ ಮೀರಿದ್ದಕ್ಕೆ ಅವನನ್ನು ಹೊಣೆ ಮಾಡಬಾರದು ಎಂದು ಧರ್ಮಶಾಸ್ತ್ರಜ್ಞರು ಇದನ್ನು ವಿವರಿಸಿದ್ದಾರೆ. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ನಮ್ಮ ಸುಪ್ರೀಂ ಕೋರ್ಟು ಹೇಳಿದ್ದೂ ಇದಕ್ಕೆ ದೂರವಿಲ್ಲ. ಚಿಕಿತ್ಸೆ ಫಲಿಸಲಿಲ್ಲವೆಂದ ಮಾತ್ರಕ್ಕೆ ವೈದ್ಯ ಅಪರಾಧಿಯಾಗುವುದಿಲ್ಲ.

ಆದ್ದರಿಂದ ಅಲ್ಲಾಹನ ಮರ್ಜಿ ಎಂಬ ಮಾತನ್ನು ಯಾರು, ಯಾವಾಗ ಆಡುತ್ತಾರೆ ಎಂಬುದನ್ನು ನೋಡಬೇಕು. ಮಾಡಬೇಕಾದುದನ್ನೆಲ್ಲ ಮಾಡಿ, ತಿಳಿಸಬೇಕಾದುದನ್ನೆಲ್ಲ ತಿಳಿಸಿ, ಕೊನೆಗೆ ಕೈಚೆಲ್ಲಿ ಆಡಿದರೆ ಅದು ಈಮಾನಿನ ಮಾತು. ಪ್ರಶ್ನೆ ಕೇಳಿದವನ ಬಾಯಿ ಮುಚ್ಚಿಸಲು ಆಡಿದರೆ ಅದು ನೆಪ. ಒಂಟೆಯನ್ನು ಕಟ್ಟಿಹಾಕಿ ಆಮೇಲೆ ದೇವರ ಮೇಲೆ ಭರವಸೆಯಿಡು ಎಂಬ ಪ್ರವಾದಿಯವರ ಬೋಧನೆ ನಮಗೆಲ್ಲ ಗೊತ್ತು. ಆಸ್ಪತ್ರೆಯಲ್ಲಿ ನಿಜ ಹೇಳುವುದೂ ಒಂಟೆಯನ್ನು ಕಟ್ಟುವ ಕೆಲಸವೇ.

ಇನ್ನು ನಮ್ಮ ಜಮಾಅತಿನ, ಊರಿನ ಪಾಲು. ಯಶಸ್ವಿನಿ, ಆಯುಷ್ಮಾನ್ ಯೋಜನೆಗಳು ಆಪರೇಷನ್ನಿನ ಖರ್ಚು ಕೊಡಬಹುದು, ವರ್ಷದ ಕೂಲಿ ಕೊಡುವುದಿಲ್ಲ. ಮಡಚದ ಮಂಡಿಗೆ ದಿನವೂ ವ್ಯಾಯಾಮ ಮಾಡಿಸಬೇಕು. ಅದಕ್ಕಾಗಿ ಪಟ್ಟಣಕ್ಕೆ ಓಡಾಡುವ ಬಸ್ಸಿನ ಖರ್ಚಿಗೇ ಎಷ್ಟೋ ಮನೆಗಳು ಸೋತು ಅರ್ಧಕ್ಕೆ ಬಿಡುತ್ತವೆ. ಆಪರೇಷನ್ನಿನ ದಿನ ಆಸ್ಪತ್ರೆಯ ಮುಂದೆ ನೆರೆಯುವ ನಾವು ಆರನೆಯ ತಿಂಗಳು ಆ ಮನೆಯತ್ತ ಸುಳಿಯುವುದಿಲ್ಲ.

ಆ ಹುಡುಗನ ಪ್ರಶ್ನೆಗೆ ನಮ್ಮ ಬಳಿ ತೀರ್ಪಿರಲಿಲ್ಲ, ಅದನ್ನೇ ಅವನಿಗೆ ಹೇಳಿದೆವು. ವೈದ್ಯಕೀಯ ಪರಿಷತ್ತಿನ 2002ರ ನಿಯಮದ ಪ್ರಕಾರ ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ತಿಳಿಸಿ, ಅರ್ಜಿ ಬರೆದುಕೊಟ್ಟೆವು. ದಾಖಲೆ ಬಂತು. ಬೇರೊಬ್ಬ ವೈದ್ಯರು ಅರ್ಧ ಗಂಟೆ ಕೂತು ಎಕ್ಸ್‌ರೇಗಳನ್ನು ಒಂದೊಂದಾಗಿ ತೋರಿಸಿ ಏನಾಯಿತೆಂದು ಅವನಿಗೆ ವಿವರಿಸಿದರು. ಮಂಡಿ ಪೂರ್ತಿ ಮಡಚುವುದು ಕಷ್ಟ ಎಂಬುದನ್ನೂ ಮರೆಮಾಚದೆ ಹೇಳಿದರು. ಬಸ್ಸಿನಲ್ಲಿ ಮರಳುವಾಗ ಅವನೆಂದ: "ಇದನ್ನು ಅವತ್ತೇ ಹೇಳಿದ್ದರೆ ಅಮ್ಮಿ ಆಡು ಮಾರುವ ಮುಂಚೆ ಒಂದು ಸಲ ಯೋಚಿಸುತ್ತಿದ್ದಳು."