ಸೂಚನಾ ದೀಪದ ಒಡೆತನ ಯಾರದು?

ದೀಪವನ್ನು ಹಚ್ಚುವ ಅಧಿಕಾರ ಯಾರದು, ಆರಿಸುವ ಅಧಿಕಾರ ಯಾರದು ಎಂಬ ಪ್ರಶ್ನೆಯು ಮೇಲುನೋಟಕ್ಕೆ ಅಲ್ಪವೆಂದು ತೋರಬಹುದು. ಆದರೆ ಹಚ್ಚುವವನು ಒಬ್ಬ, ಆ ಬೆಳಕು ಬೀಳುವುದು ಇನ್ನೊಬ್ಬನ ಕಣ್ಣಿಗೆ ಎಂದಾದಾಗ ಅದು ನೀತಿಯ ಪ್ರಶ್ನೆಯಾಗುತ್ತದೆ. ಮೊಬೈಲ್ ಫೋನಿನ ಪುಟ್ಟ ಸೂಚನಾ ದೀಪದ ಕಥೆ ಇದಕ್ಕೆ ಒಳ್ಳೆಯ ನಿದರ್ಶನ.

2010ರ ಜನವರಿಯಲ್ಲಿ ಅಮೆರಿಕದ ಗೂಗಲ್ ಸಂಸ್ಥೆಯು ನೆಕ್ಸಸ್ ಒನ್ ಎಂಬ ಹೊಸ ಸ್ಮಾರ್ಟ್‌ಫೋನನ್ನು ಹೊರತಂದಿತು. ಅದನ್ನು ತಯಾರಿಸಿದುದು ತೈವಾನಿನ ಎಚ್‌ಟಿಸಿ. ಪರದೆಯ ಕೆಳಗೆ ಉರುಳುವ ಗುಂಡೊಂದಿದ್ದು, ಸಂದೇಶ ಬಂದಾಗ ಅದು ಮಿನುಗುತ್ತಿತ್ತು. ಹಲವು ಬಣ್ಣಗಳಲ್ಲಿ ಬೆಳಗುವ ಶಕ್ತಿ ಅದರೊಳಗಿದ್ದರೂ ಆರಂಭದಲ್ಲಿ ಕಾಣಿಸಿದುದು ಬಿಳಿಯೊಂದೇ. ಅದೇ ವರ್ಷ ಬಂದ ಆಂಡ್ರಾಯ್ಡ್ 2.2 ಆವೃತ್ತಿಯೊಡನೆ ಮಾತ್ರ ಬಣ್ಣಗಳು ಹೊರಬಿದ್ದವು.

ತಂತ್ರಾಂಶ ರಚಿಸುವವನ ಅಸಮಾಧಾನ ಇಲ್ಲಿಯೇ ಮೊಳೆಯುತ್ತದೆ. ದೀಪದ ಬಣ್ಣ, ಅದು ಉರಿಯಬೇಕಾದ ಮಿಲಿಸೆಕೆಂಡುಗಳು, ಆರಿರಬೇಕಾದ ಮಿಲಿಸೆಕೆಂಡುಗಳು ಎಂಬ ಮೂರನ್ನೂ ಬರೆದು ತಿಳಿಸಲು ಆಂಡ್ರಾಯ್ಡ್ ವ್ಯವಸ್ಥೆಯಲ್ಲಿ ಅವಕಾಶವಿತ್ತು. ಅವನು ಹಸಿರನ್ನು ಬೇಡಿದರೆ ಒಂದು ಫೋನಿನಲ್ಲಿ ಹಸಿರು, ಇನ್ನೊಂದರಲ್ಲಿ ಬಿಳಿ, ಮತ್ತೊಂದರಲ್ಲಿ ಬರಿಯ ಕತ್ತಲೆ. ಪರದೆ ಬೆಳಗಿರುವಾಗ ಸಾಮಾನ್ಯವಾಗಿ ದೀಪ ಹತ್ತದು. ಆದುದರಿಂದ ಪ್ರತಿ ಪರೀಕ್ಷೆಗೂ ಪರದೆಯನ್ನು ಆರಿಸಿ ಕಾಯಬೇಕು. ಬರವಣಿಗೆಯಲ್ಲಿ ತಪ್ಪಿಲ್ಲದಿದ್ದರೂ ದೂಷಣೆ ಬರುವುದು ಅವನ ಮೇಲೆಯೇ.

ಅವನ ಪಕ್ಷವನ್ನು ನ್ಯಾಯವಾಗಿ ಪರಿಶೀಲಿಸಬೇಕು. ದೀಪವೆಂಬುದು ಎಲ್ಲರಿಗೂ ಅಲಂಕಾರವಲ್ಲ. ಕಿವಿ ಕೇಳದವರಿಗೆ ಅದೇ ಕರೆಗಂಟೆ. ಮನೆಯವರ ಸಂದೇಶಕ್ಕೆ ಒಂದು ಬಣ್ಣ, ಉಳಿದವರದಕ್ಕೆ ಇನ್ನೊಂದು ಎಂದು ನಂಬಿಕೊಂಡವರಿಗೆ ಬಣ್ಣ ತಪ್ಪಿದರೆ ಮಾತೇ ತಪ್ಪಿದಂತೆ. ಅವರಿಗಾಗಿ ದುಡಿಯುವವನು ಬೇಸರಗೊಂಡರೆ ಅದನ್ನು ಅಹಂಕಾರವೆನ್ನಲಾಗದು.

ಆದರೂ ಇನ್ನೊಂದು ಪಕ್ಷವಿದೆ. ಯಂತ್ರವು ತನ್ನಿಂದಾದಷ್ಟು ಮಟ್ಟಿಗೆ ಕೋರಿದ ಬಣ್ಣಕ್ಕೆ ಸಮೀಪ ಬರುವುದೆಂದು ಆಂಡ್ರಾಯ್ಡಿನ ವಿವರಣೆಯೇ ತಿಳಿಸುತ್ತದೆ. ಹಾಗಾದರೆ ಅವನು ಬರೆದುದು ಆಜ್ಞೆಯಲ್ಲ, ಬಿನ್ನಹ. ಬಿನ್ನಹವನ್ನು ಆಜ್ಞೆಯೆಂದು ಎಣಿಸಿದಲ್ಲಿ ಅರ್ಧದಷ್ಟು ದುಃಖ ಅಲ್ಲಿಯೇ ಹುಟ್ಟುತ್ತದೆ. ಮೇಲಾಗಿ, ಸಂದೇಶ ಕಳುಹಿಸುವ ಪ್ರತಿಯೊಬ್ಬನೂ ತನ್ನದೇ ಮುಖ್ಯವೆಂದು ಭಾವಿಸಿದರೆ ಮಲಗಿದವನ ತಲೆಯ ಬಳಿ ರಾತ್ರಿಯೆಲ್ಲ ಮಿಂಚು. ವರ್ತಕನು ತನ್ನ ಅಂಗಡಿಯ ಮುಂದೆ ಎಷ್ಟು ದೀಪಗಳನ್ನಾದರೂ ಹಚ್ಚಲಿ. ಗಿರಾಕಿಯ ಮಲಗುವ ಕೋಣೆಯಲ್ಲಿ ಹಚ್ಚುವ ಮುನ್ನ ಕೇಳಬೇಡವೆ?

ಕಾಲಕ್ರಮದಲ್ಲಿ ವ್ಯವಸ್ಥೆಯು ಈ ಕಡೆಗೇ ವಾಲಿತು. 2017ರ ಆಂಡ್ರಾಯ್ಡ್ 8.0ರಲ್ಲಿ ಸೂಚನೆಗಳನ್ನು ವರ್ಗಗಳಾಗಿ ವಿಂಗಡಿಸಲಾಯಿತು. ಒಂದು ವರ್ಗವನ್ನು ಒಮ್ಮೆ ರಚಿಸಿದ ಬಳಿಕ ಅದರ ಬೆಳಕು, ಸದ್ದುಗಳನ್ನು ತಂತ್ರಾಂಶವು ಬದಲಿಸಲಾರದು, ಬಳಸುವವನು ಬದಲಿಸಬಲ್ಲನು. 2022ರ ಆಂಡ್ರಾಯ್ಡ್ 13ರಿಂದ, ಹೊಸದಾಗಿ ಸೇರುವ ತಂತ್ರಾಂಶವು ಸಾಮಾನ್ಯವಾಗಿ ಅನುಮತಿ ಪಡೆದೇ ಸೂಚನೆ ನೀಡಬೇಕಾಯಿತು. ಕದ ತಟ್ಟುವವನಿಗಿಂತ ಮನೆಯೊಡೆಯನ ಇಚ್ಛೆ ಮಿಗಿಲೆಂದು ಒಪ್ಪಿಕೊಂಡಂತಾಯಿತು.

ಆದರೆ ತಯಾರಕರು ಇದರಿಂದ ಋಣಮುಕ್ತರಾಗಲಿಲ್ಲ. ಪರದೆಗೆ ಹೆಚ್ಚು ಜಾಗ ಬೇಕೆಂಬ ಹಂಬಲದಲ್ಲಿ ದೀಪವೇ ಮರೆಯಾಗತೊಡಗಿತು. 2019ರಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್10ರಲ್ಲಿ ಅದಿರಲಿಲ್ಲ. ಬೇಡವೆಂದವನು ಆರಿಸಿಕೊಳ್ಳಬಹುದಾದ ದೀಪವನ್ನು ಬೇಕೆಂದವನಿಗೂ ಇಲ್ಲದಂತೆ ಮಾಡುವುದು ಸ್ವಾತಂತ್ರ್ಯ ಕೊಟ್ಟಂತಲ್ಲ. ಸೂಚನಾ ದೀಪವೇ ಇಲ್ಲದ ಐಫೋನಿನಲ್ಲಿ, ಬೇಕಾದವರಿಗೆ ಕ್ಯಾಮೆರಾದ ದೀಪ ಮಿನುಗುವ ಸೌಕರ್ಯವನ್ನು 2011ರಲ್ಲಿಯೇ ಕಲ್ಪಿಸಿದುದು ಇಲ್ಲಿ ಸ್ಮರಣೀಯ.

ಆದುದರಿಂದ ಕರ್ತವ್ಯಗಳು ಮೂರು. ತಯಾರಕನು ತನ್ನ ಯಂತ್ರದಿಂದ ಏನಾಗುವುದು, ಏನಾಗದು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ತಂತ್ರಾಂಶ ರಚಿಸುವವನು ದೀಪವೊಂದನ್ನೇ ನಂಬದೆ, ಸದ್ದು, ಕಂಪನಗಳಿಗೂ ದಾರಿಯಿಟ್ಟು, ಕೋರಿಕೆಯ ಮಿತಿಯನ್ನರಿಯಬೇಕು. ಬಳಸುವವನು ಯಾರ ಕರೆಗೆ ಏಳಬೇಕು, ಯಾರದಕ್ಕೆ ಬೇಡ ಎಂಬುದನ್ನು ತಾನೇ ನಿಶ್ಚಯಿಸಬೇಕು. ಈ ಕಡೆಯ ಕರ್ತವ್ಯವನ್ನು ಅವನು ಮರೆತರೆ ಮೊದಲಿನ ಇಬ್ಬರೂ ಅವನ ಪರವಾಗಿ ನಿಶ್ಚಯಿಸಿಬಿಡುವರು. ದೀಪ ಯಾರದಾದರೇನು, ಅದನ್ನು ನೋಡುವ ಗಮನ ಅವನದೇ ಅಲ್ಲವೆ?