ಕಂಬಳದ ಚಿತ್ರವೂ ಆಪ್ತವಾಕ್ಯವೂ

ಇದ್ದುದನ್ನು ಇದ್ದಂತೆ ತೋರಿಸುವುದೇ ಸತ್ಯವೆಂದು ನಾವೆಲ್ಲರೂ ಒಪ್ಪುತ್ತೇವಷ್ಟೆ. ಹಾಗಾದರೆ ಇದ್ದುದನ್ನು ಚೆಲುವಾಗಿಸಿ ತೋರಿಸುವವನು ಎಷ್ಟರಮಟ್ಟಿಗೆ ಸತ್ಯವಂತನು? ಕರಾವಳಿಯ ಜೋಡುಕರೆ ಕಂಬಳವೊಂದರಲ್ಲಿ, ಊರಿನ ಕೋಣಗಳ ಮೇಲಣ ಅಭಿಮಾನವೊಂದರಿಂದಲೇ ವಿಡಿಯೋ ತೆಗೆಯಹೊರಟ ತರುಣನೊಬ್ಬನು, ಓಟದ ಕೆಸರುಹಾದಿಯಾದ ಕರೆಯ ಬದಿಯಲ್ಲಿ ಮುಕ್ಕಾಲಿಯ ಮೇಲೊಂದು ಸಣ್ಣ ಜಿಬ್ ನಿಲ್ಲಿಸಿ, ಅದರ ಉದ್ದ ತೋಳಿನ ತುದಿಗೆ ಕ್ಯಾಮೆರಾವನ್ನೂ ಗಿಡ್ಡ ತೋಳಿಗೆ ಸರಿದೂಗುವ ಭಾರವನ್ನೂ ಕಟ್ಟಿ, ಕೆಸರಿನ ಮಟ್ಟದಿಂದ ಜನರ ತಲೆಗಳ ಮೇಲಿನವರೆಗೆ ದೃಷ್ಟಿಯನ್ನು ಒಂದೇ ಓಘದಲ್ಲಿ ಏರಿಸಿ, ಆಮೇಲೆ ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು, ಕಲರ್ ಗ್ರೇಡಿಂಗಿನಿಂದ ಆ ಕಂದುನೀರಿಗೆ ಹೊನ್ನಿನ ಛಾಯೆಯನ್ನು ಕೊಡುವಾಗ, ಈ ಪ್ರಶ್ನೆಗೆ ಅವನು ಅರಿತೋ ಅರಿಯದೆಯೋ ಉತ್ತರ ಹೇಳುತ್ತಿರುತ್ತಾನೆ. ಇದನ್ನು ಕೇವಲ ಕಸುಬಿನ ಮಾತೆಂದು ಬಿಡಲು ನನಗೆ ಮನಸ್ಸೊಪ್ಪುವುದಿಲ್ಲ; ಇದು ಪ್ರಮಾಣಶಾಸ್ತ್ರದ ಪ್ರಶ್ನೆ, ಆದಕಾರಣ ಧರ್ಮದ ಪ್ರಶ್ನೆಯೂ ಹೌದು.

ಬಣ್ಣವನ್ನು ಮುಟ್ಟದೆ ಬಿಟ್ಟರೆ ಸತ್ಯ ಉಳಿದೀತೆಂಬುದು ಸುಲಭವಾದ ಉತ್ತರ. ಆದರೆ ಮುಟ್ಟದ ಚಿತ್ರವೆಂಬುದು ಎಲ್ಲಿದೆ? ಇಂದಿನ ಬಹುಪಾಲು ಕ್ಯಾಮೆರಾಗಳು, ಬ್ರೈಸ್ ಬೇಯರ್ ಎಂಬ ವಿಜ್ಞಾನಿ 1976ರಲ್ಲಿ ಪೇಟೆಂಟ್ ಪಡೆದ ಕ್ರಮದಂತೆ, ಸೆನ್ಸರಿನ ಅರ್ಧದಷ್ಟು ಬಿಂದುಗಳಿಂದ ಹಸಿರನ್ನೂ ಕಾಲುಭಾಗದಿಂದ ಕೆಂಪನ್ನೂ ಉಳಿದ ಕಾಲುಭಾಗದಿಂದ ನೀಲಿಯನ್ನೂ ಗ್ರಹಿಸುತ್ತವೆ. ಒಂದೊಂದು ಬಿಂದುವೂ ತಾನು ಕಾಣದ ಮಿಕ್ಕೆರಡು ವರ್ಣಗಳನ್ನು ಯಂತ್ರವು ನೆರೆಯ ಬಿಂದುಗಳಿಂದ ಗಣಿಸಿ ತುಂಬಿಕೊಳ್ಳುತ್ತದೆ. ನೈಯಾಯಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ನಾವು ಪ್ರತ್ಯಕ್ಷವೆಂದು ನಂಬಿದ ಚಿತ್ರದಲ್ಲಿ ಮೂರರಲ್ಲೆರಡು ಪಾಲು ಅನುಮಾನವೇ. ಇರುಳಿನ ದೀಪಗಳಡಿಯಲ್ಲಿ ನಮ್ಮ ಕಣ್ಣು ಬಿಳಿಯನ್ನು ಬಿಳಿಯೆಂದು ತಾನಾಗಿ ಹೊಂದಿಸಿಕೊಳ್ಳುವುದು; ಕ್ಯಾಮೆರಾದಲ್ಲಿ ಆ ಹೊಂದಾಣಿಕೆಯನ್ನು ಮನುಷ್ಯನೋ ಗಣಿತವೋ ಮಾಡಿಕೊಡಬೇಕು. ಹೀಗಿರುವಲ್ಲಿ ಗ್ರೇಡಿಂಗನ್ನು ಅಸತ್ಯವೆಂದು ಹಳಿಯುವುದು ಅವಿಚಾರ. ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಭರತಮುನಿಯೇ ವೀರಕ್ಕೆ ಗೌರವರ್ಣವನ್ನೂ ಅದ್ಭುತಕ್ಕೆ ಪೀತವನ್ನೂ ರೌದ್ರಕ್ಕೆ ರಕ್ತವನ್ನೂ ಕರುಣಕ್ಕೆ ಕಪೋತವರ್ಣವನ್ನೂ ವಿಧಿಸಿರುವನಷ್ಟೆ. ಓಟಗಾರನ ಶೌರ್ಯವನ್ನು ಕಂಡು ರೋಮಾಂಚಗೊಂಡವನು ಆ ರೋಮಾಂಚವನ್ನು ಹೊನ್ನಿನ ಬಣ್ಣದಲ್ಲಿ ಹೇಳಿದರೆ, ಅವನು ತನ್ನ ಅನುಭವಕ್ಕೆ ದ್ರೋಹ ಬಗೆದವನಲ್ಲ.

ಆದರೆ ವಿಡಿಯೋ ರಸವನ್ನು ಕೊಡುವುದರ ಜತೆಗೆ ಸಾಕ್ಷ್ಯವನ್ನೂ ನುಡಿಯುತ್ತದೆ. ಕಂಬಳಕ್ಕೆ ಬಾರದವನಿಗೆ ಅದು ಶಬ್ದಪ್ರಮಾಣದ ಸ್ಥಾನದಲ್ಲಿ ನಿಲ್ಲುತ್ತದೆ. ಆಪ್ತನ ಉಪದೇಶವೇ ಶಬ್ದಪ್ರಮಾಣವೆಂದು ನ್ಯಾಯಸೂತ್ರ ಹೇಳಿದರೆ, ವಾತ್ಸ್ಯಾಯನನ ಭಾಷ್ಯವು, ವಸ್ತುವನ್ನು ಸಾಕ್ಷಾತ್ತಾಗಿ ಅರಿತು, ಅರಿತಂತೆಯೇ ಪರರಿಗೆ ತಿಳಿಸಬೇಕೆಂಬ ಇಚ್ಛೆಯುಳ್ಳವನೇ ಆಪ್ತನೆಂದು ವಿವರಿಸಿ, ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಸೇರಿಸುತ್ತದೆ. ಎಂಥ ಉದಾರವಾದ ಮಾತು! ಕುಲವನ್ನೂ ವಿದ್ಯೆಯನ್ನೂ ಕೇಳದ ಈ ಲಕ್ಷಣದಂತೆ ಕರೆಯಂಚಿನ ಆ ತರುಣನೂ ಆಪ್ತನಾಗಬಲ್ಲನು. ಅವನಲ್ಲಿ ಇರಬೇಕಾದದ್ದು ಕಂಡಂತೆ ತಿಳಿಸುವ ಇಚ್ಛೆಯೊಂದೇ.

ಆ ಇಚ್ಛೆ ಪರೀಕ್ಷೆಗೊಳಗಾಗುವ ಸ್ಥಳ ಕನೆಹಲಗೆಯೆಂಬ ಕಂಬಳದ ವಿಭಾಗ. ಅಲ್ಲಿ ವೇಗವು ಗಣನೆಗೆ ಬಾರದು. ಓಡಿಸುವವನು ನಿಂತ ಹಲಗೆಯ ರಂಧ್ರಗಳಿಂದ ಚಿಮ್ಮಿದ ನೀರು, ಕರೆಯ ಮೇಲೆ 6.5 ಕೋಲು, 7.5 ಕೋಲು ಎತ್ತರಗಳಲ್ಲಿ ಕಟ್ಟಿದ ನಿಶಾನೆಯ ಬಟ್ಟೆಯನ್ನು ಮುಟ್ಟಿತೆ ಎಂಬುದೇ ನಿರ್ಣಯ. ಈಗ ಜಿಬ್ಬಿನ ತೋಳು ನೆಲಕ್ಕಿಳಿದು ಮೇಲ್ಮುಖವಾಗಿ ನೋಡಿತೆನ್ನಿ: ನಿಶಾನೆಗಿಂತ ಈಚೆ, ಕ್ಯಾಮೆರಾಕ್ಕೆ ಸಮೀಪದಲ್ಲಿ ಎದ್ದ ನೀರು, ಅದರ ಅರ್ಧದಷ್ಟೇ ಏರಿದ್ದರೂ, ದೂರದ ಬಟ್ಟೆಯನ್ನು ಮರೆಮಾಡಿ, ಅದನ್ನು ದಾಟಿಹೋದಂತೆಯೇ ತೋರುವುದು. ನೀರೂ ನಿಜ, ಬಟ್ಟೆಯೂ ನಿಜ. ಆದರೂ ನೋಡುವವನಲ್ಲಿ ಹುಟ್ಟುವ ಜ್ಞಾನ ಮಾತ್ರ ಭ್ರಾಂತಿ. ವಿಚಿತ್ರವೆಂದರೆ ಪರಿಹಾರವೂ ಅದೇ ತೋಳಿನಲ್ಲಿದೆ. ಕ್ಯಾಮೆರಾವನ್ನು ನಿಶಾನೆಯ ಎತ್ತರಕ್ಕೇ ಏರಿಸಿ ಸಮತಲವಾಗಿ ಹಿಡಿದರೆ, ನೀರು ಹತ್ತಿರವಿರಲಿ ದೂರವಿರಲಿ, ಅಷ್ಟೆತ್ತರಕ್ಕೆ ಏರದೆ ಆ ಗೆರೆಯನ್ನು ದಾಟಲಾರದು. ತೋಳು ಅಷ್ಟು ಉದ್ದವಿಲ್ಲದಿದ್ದರೆ ದೂರ ಸರಿದು ನಿಂತಷ್ಟೂ ಭ್ರಮೆ ಇಳಿಯುವುದು.

ಇದಕ್ಕಿಂತ ಗಹನವಾದದ್ದು ಕೋಣದ ಬೆನ್ನಿನ ವಿಚಾರ. 2014ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ತರುವಾಯ ಕಂಬಳಕ್ಕೆ ತಡೆಯುಂಟಾದದ್ದು, 2017ರಲ್ಲಿ ರಾಜ್ಯವು ಕಾನೂನನ್ನು ತಿದ್ದಿದ್ದು, 2023ರಲ್ಲಿ ಸಂವಿಧಾನಪೀಠವು ಆ ತಿದ್ದುಪಡಿಯನ್ನು ಎತ್ತಿಹಿಡಿದದ್ದು, ಇವೆಲ್ಲದರ ನಡುವೆ ಇದ್ದ ಪ್ರಶ್ನೆ ಪ್ರಾಣಿಗೆ ಹಿಂಸೆಯಾಗುವುದೆ ಎಂಬುದು. ಗ್ರೇಡಿಂಗಿನಲ್ಲಿ ನೆರಳುಗಳನ್ನು ಇನ್ನಷ್ಟು ಗಾಢವಾಗಿಸಿದರೆ ಚಿತ್ರಕ್ಕೆ ಗಾಂಭೀರ್ಯ ಬರುವುದು ದಿಟ. ಆದರೆ ಕರಿಯ ಕೋಣವು ಆಗ ಬರಿಯ ಆಕೃತಿಯಾಗಿ, ಬೆತ್ತದ ಬಾಸುಂಡೆಯೂ ಬಾಸುಂಡೆಯಿಲ್ಲದ ಚರ್ಮವೂ ಒಂದೇ ಕಪ್ಪಿನಲ್ಲಿ ಮುಳುಗುತ್ತವೆ. ಭಾಟ್ಟ ಮೀಮಾಂಸಕರು ಅಭಾವವನ್ನು ತಿಳಿಯಲು ಅನುಪಲಬ್ಧಿಯೆಂಬ ಬೇರೊಂದು ಪ್ರಮಾಣವನ್ನೇ ಒಪ್ಪಿದರು. ವಸ್ತು ಅಲ್ಲಿ ಇದ್ದಿದ್ದರೆ ಕಾಣುತ್ತಿತ್ತೆಂಬ ಯೋಗ್ಯತೆ ಇರುವಲ್ಲಿ ಮಾತ್ರವೇ, ಕಾಣದಿರುವುದು ಇಲ್ಲದಿರುವುದಕ್ಕೆ ಪ್ರಮಾಣವಾಗುವುದೆಂಬ ನಿಬಂಧನೆಯನ್ನೂ ಅದಕ್ಕೆ ಸೇರಿಸಿದರು. ಕತ್ತಲೆಯ ಕೋಣೆಯಲ್ಲಿ ಕೊಡ ಕಾಣದಿದ್ದರೆ ಕೊಡವಿಲ್ಲವೆಂದು ಸಿದ್ಧವಾಗದು. ಆದುದರಿಂದ ಆ ತರುಣನು ನೀರಿಗೆ ಬೇಕಾದ ಹೊನ್ನನ್ನು ಬಳಿಯಲಿ, ಕೋಣದ ಮೈಯ ನೆರಳನ್ನು ಮಾತ್ರ ಅದರ ರೋಮಗಳು ಬೇರೆಬೇರೆಯಾಗಿ ಕಾಣುವಷ್ಟು ತಿಳಿಯಾಗಿರಿಸಲಿ. ಗಾಯವಿದ್ದರೆ ಕಂಬಳವನ್ನು ಪ್ರೀತಿಸುವವರೂ ಅದನ್ನು ನೋಡಬೇಕಾಗುವುದು, ಇಲ್ಲದಿದ್ದರೆ ವಿರೋಧಿಸುವವರಿಗೂ ಅದು ಇಲ್ಲವೆಂಬ ಜ್ಞಾನ ಅದೇ ಬೆಳಕಿನಲ್ಲಿ ಲಭಿಸುವುದು.