ಅಗ್ಗದ ಲೈಸೆನ್ಸೂ ಕೊಳ್ಳುವವನ ಧರ್ಮವೂ

ಕದಿಯಬಾರದೆಂಬುದನ್ನು ಯಾರಿಗೂ ಹೊಸದಾಗಿ ಕಲಿಸಬೇಕಾಗಿಲ್ಲ. ಆದರೆ ಒಡೆಯನಲ್ಲದವನು ಮಾರಿದುದನ್ನು ಕೊಂಡವನು ಎಷ್ಟರ ಮಟ್ಟಿಗೆ ತಪ್ಪಿತಸ್ಥನು, ಮಾರುವವನ ಹಕ್ಕನ್ನು ವಿಚಾರಿಸದೆ ಹಣ ಕೊಟ್ಟು ಬಂದವನಿಗೆ ಯಾವ ದೋಷ ತಗಲುತ್ತದೆ ಎಂಬ ಪ್ರಶ್ನೆಗಳು ಅಷ್ಟು ಸುಲಭವಾದವುಗಳಲ್ಲ. ನಮ್ಮ ಮನೆಯಲ್ಲಿ ಈ ಚರ್ಚೆ ಹುಟ್ಟಿದ್ದು ಒಂದು ಗಣಕಯಂತ್ರದ ನಿಮಿತ್ತವಾಗಿ.

ನಮ್ಮದು ಮಸ್ಕಿ. ಅಣ್ಣನ ಮಗಳು ಲಿಂಗಸುಗೂರಿನಲ್ಲಿ ಬಿ.ಕಾಂ. ಓದುತ್ತಿರುವಳು. ಅವಳಿಗೊಂದು ಯಂತ್ರವನ್ನು ಕೊಡಿಸಬೇಕೆಂದು ಸಿಂಧನೂರಿನ ಅಂಗಡಿಯೊಂದಕ್ಕೆ ಹೋದೆವು. ಬಿಡಿಭಾಗಗಳನ್ನು ಜೋಡಿಸಿ ಸಿದ್ಧಪಡಿಸಿದ ಆ ಯಂತ್ರದಲ್ಲಿ ವಿಂಡೋಸ್ ಇರಲಿಲ್ಲ. ಮನೆಬಳಕೆಯ ವಿಂಡೋಸ್ ಲೈಸೆನ್ಸನ್ನು ಕಂಪನಿಯಿಂದಲೇ ಕೊಂಡರೆ ಹತ್ತು ಸಾವಿರ ರೂಪಾಯಿಗೆ ಕಡಿಮೆಯಾಗುವುದಿಲ್ಲ. ಅಂಗಡಿಯವನು ನಮ್ಮ ಮುಖ ನೋಡಿ, “ಆರುನೂರು ಕೊಡ್ರಿ ಸಾಕು, ಒರಿಜಿನಲ್ ಕೀ ಹಾಕಿ ಕೊಡ್ತೀನಿ. ಎಲ್ಲಾರೂ ಇದನ್ನ ಹಾಕಿಸ್ತಾರ್ರೀ” ಎಂದನು. ಹುಡುಗಿ ನನ್ನ ಕಡೆಗೆ ತಿರುಗಿ, “ಕಾಕಾ, ಒರಿಜಿನಲ್ ಇದ್ರ ಹತ್ತು ಸಾವಿರದ್ದು ಆರುನೂರಕ್ಕ ಹೆಂಗ ಬರ್ತದ?” ಎಂದು ಕೇಳಿದಳು. ಆ ಹೊತ್ತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಒಂದು ವಾರ ಬಿಟ್ಟು ಬರುವೆವೆಂದು ಹೇಳಿ ಹಿಂದಿರುಗಿದೆವು.

ಕೀ ಎಂಬುದು ಇಪ್ಪತ್ತೈದು ಅಕ್ಷರಾಂಕಗಳ ಒಂದು ಸಾಲು, ಅಷ್ಟೇ. ಅದರ ಹಿಂದಿರುವ ಅನುಮತಿಗಳಾದರೋ ಬೇರೆ ಬೇರೆ. ಯಂತ್ರ ತಯಾರಿಸುವವರು ತಮ್ಮ ಯಂತ್ರದೊಡನೆ ಕೊಡುವ ಲೈಸೆನ್ಸು ಆ ಯಂತ್ರಕ್ಕೇ ಅಂಟಿಕೊಂಡದ್ದು. ಯಂತ್ರ ಸತ್ತರೆ ಅದೂ ಸತ್ತಂತೆ. ಬಿಡಿಯಾಗಿ ಕೊಂಡ ಲೈಸೆನ್ಸನ್ನು ಹಳೆಯ ಯಂತ್ರದಿಂದ ತೆಗೆದು ಹೊಸದಕ್ಕೆ ಹಾಕಿಕೊಳ್ಳಬಹುದು. ಕಚೇರಿಗಳಿಗೂ ವಿದ್ಯಾಸಂಸ್ಥೆಗಳಿಗೂ ನೂರಾರು ಯಂತ್ರಗಳಿಗೆಂದು ಒಟ್ಟಾಗಿ ಕೊಡುವುದು ಮೂರನೆಯ ಬಗೆ. ಈ ಮೂರನೆಯದು ಸಂಸ್ಥೆಯ ಬಾಗಿಲು ದಾಟಿ ಹೊರಗೆ ಸೋರಿ, ತಲೆಗೊಂದರಂತೆ ಬಿಕರಿಯಾಗುವುದುಂಟು. ಮೊದಲನೆಯದು ತನ್ನ ಯಂತ್ರವನ್ನು ಬಿಟ್ಟು ಅಲೆದಾಡುವುದುಂಟು. ಕದ್ದ ಬ್ಯಾಂಕ್ ಕಾರ್ಡಿನಿಂದ ಕೊಂಡ ಕೀಗಳೂ ಈ ಸಂತೆಗೆ ಬರುತ್ತವೆ. ಇವುಗಳಲ್ಲಿ ಯಾವುದನ್ನು ಒತ್ತಿದರೂ ಯಂತ್ರವು ಬಹುಶಃ ಒಪ್ಪಿಕೊಳ್ಳುತ್ತದೆ. ಯಂತ್ರ ಪರೀಕ್ಷಿಸುವುದು ಅಕ್ಷರಗಳನ್ನು. ಅವು ಯಾರ ಕೈಯಿಂದ ಯಾರ ಕೈಗೆ ಬಂದವೆಂಬುದನ್ನಲ್ಲ. ಅಂಗಡಿಯವನ ‘ಒರಿಜಿನಲ್’ ಎಂಬ ಮಾತು ಆ ಅರ್ಥದಲ್ಲಿ ಸುಳ್ಳೂ ಅಲ್ಲ, ಪೂರಾ ನಿಜವೂ ಅಲ್ಲ.

ಇಂಥ ವ್ಯವಹಾರಗಳ ವಿಷಯದಲ್ಲಿ ನಮ್ಮ ಪ್ರಾಂತದ ಒಬ್ಬ ಪಂಡಿತನು ಬಹು ಹಿಂದೆಯೇ ಯೋಚಿಸಿದ್ದಾನೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರವನ್ನು ಹಿಂದೂ ದಾಯಭಾಗದ ಗ್ರಂಥವೆಂದಷ್ಟೇ ಬಹುಮಂದಿ ಬಲ್ಲರು. ಅದರಲ್ಲಿ ಅಸ್ವಾಮಿವಿಕ್ರಯ, ಎಂದರೆ ಒಡೆಯನಲ್ಲದವನ ಮಾರಾಟ, ಎಂಬ ಪ್ರಕರಣವೂ ಇದೆ. ಸ್ಮೃತಿಯ ಅಭಿಪ್ರಾಯವೇನೆಂದರೆ: ಹೀನನಾದವನಿಂದ, ಏಕಾಂತದಲ್ಲಿ, ತೀರ ಕಡಿಮೆ ಬೆಲೆಗೆ, ಹೊತ್ತಲ್ಲದ ಹೊತ್ತಿನಲ್ಲಿ ಕೊಂಡವನು ಕಳ್ಳನ ಸಮಾನನು. ಇಲ್ಲಿ ‘ಹೀನ’ ಎಂಬುದಕ್ಕೆ ವಿಜ್ಞಾನೇಶ್ವರನು ಹೇಳುವ ಅರ್ಥ ಗಮನಿಸತಕ್ಕದ್ದು. ಅದು ಕುಲದ ಮಾತಲ್ಲ. ಆ ವಸ್ತು ಕೈಗೆ ಬರತಕ್ಕ ದಾರಿಯೇ ಇಲ್ಲದವನು ಎಂದು ಅರ್ಥ. ಕೊಂಡವನು ಶುದ್ಧನಾಗಬೇಕಾದರೆ ಮಾರಿದವನನ್ನು ತೋರಿಸಿಕೊಡಬೇಕು. ತೋರಿಸಿದರೆ ಒಡೆಯನಿಗೆ ವಸ್ತುವೂ ಅರಸನಿಗೆ ದಂಡವೂ ಕೊಂಡವನಿಗೆ ಕೊಟ್ಟ ಹಣವೂ ಆ ಮಾರಿದವನಿಂದಲೇ ಸಲ್ಲಬೇಕು.

ನಮ್ಮ ತಾಲೂಕುಗಳಲ್ಲಿ ಇದಕ್ಕೆ ಉದಾಹರಣೆ ಹುಡುಕಬೇಕಾಗಿಲ್ಲ. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ ಇದೆ. ಯಾವನಾದರೂ ಸಂಜೆಗತ್ತಲಲ್ಲಿ ಬಂದು ಒಂದು ತೊಲ ಬಂಗಾರವನ್ನು ಕಾಲುಬೆಲೆಗೆ ಕೊಡುವೆನೆಂದರೆ, ಒರೆಗಲ್ಲಿನ ಮೇಲೆ ಅದು ಅಪ್ಪಟವೆಂದು ಕಂಡರೂ, ಮರ್ಯಾದಸ್ಥರು ಕೈ ಚಾಚುವುದಿಲ್ಲ. ಅಪ್ಪಟವಾಗಿದ್ದರಂತೂ ಸಂಶಯ ಇನ್ನೂ ಹೆಚ್ಚುತ್ತದೆ.

ಕೀಯ ವಿಷಯದಲ್ಲಿ ಅದೇ ಮರ್ಯಾದಸ್ಥರು ಕೈ ಚಾಚುವುದೇಕೆ? ಬಂಗಾರ ಒಬ್ಬನಿಂದ ಹೋದರೆ ಅವನಲ್ಲಿ ಇಲ್ಲವಾಗುತ್ತದೆ. ತಂತ್ರಾಂಶದ ಪ್ರತಿ ಮಾಡಿದರೆ ಒಡೆಯನಲ್ಲಿ ಏನೂ ಕಡಿಮೆಯಾಗುವುದಿಲ್ಲ ಎಂಬುದು ಒಂದು ಸಮಾಧಾನ. ಈ ಸಮಾಧಾನ ಹೊಸದಲ್ಲ. 1976ರಲ್ಲಿ ಬಿಲ್ ಗೇಟ್ಸ್ ಎಂಬ ತರುಣನು ಗಣಕಪ್ರಿಯರಿಗೆ ಬಹಿರಂಗ ಪತ್ರ ಬರೆದು, ತನ್ನ ಕೆಲಸವನ್ನು ಹಣ ಕೊಡದೆ ಬಳಸುತ್ತಿದ್ದಾರೆಂದು ದೂರಿದ್ದು ಇದರ ವಿರುದ್ಧವೇ. ನಮ್ಮ ದೇಶದ ಕಾನೂನು ಆ ಪಕ್ಷವನ್ನೇ ಹಿಡಿದಿದೆ. 1957ರ ಕೃತಿಸ್ವಾಮ್ಯ ಕಾಯಿದೆಯು, 1984ರ ತಿದ್ದುಪಡಿಯ ತರುವಾಯ, ಗಣಕಕ್ರಮವನ್ನು ಸಾಹಿತ್ಯಕೃತಿಗಳ ಸಾಲಿನಲ್ಲಿ ಸೇರಿಸಿತು. (ಕವಿಗಳು ಇದನ್ನು ಕೇಳಿ ನಗಬಹುದು.) 1994ರ ತಿದ್ದುಪಡಿಯಿಂದ, ಅಕ್ರಮ ಪ್ರತಿಯೆಂದು ತಿಳಿದೂ ತಿಳಿದೂ ಗಣಕದಲ್ಲಿ ಬಳಸುವವನಿಗೆ ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸೆರೆಯೂ, 50,000ದಿಂದ ಎರಡು ಲಕ್ಷ ರೂಪಾಯಿಯವರೆಗೆ ದಂಡವೂ ವಿಧಿಸಲ್ಪಡಬಹುದಾಯಿತು, ಲಾಭಕ್ಕಾಗಿಯಲ್ಲದ ಬಳಕೆಯಲ್ಲಿ ಸೆರೆಯನ್ನು ಬಿಟ್ಟುಬಿಡುವ ಅವಕಾಶವನ್ನು ನ್ಯಾಯಾಲಯಕ್ಕೆ ಇಟ್ಟಿದೆ. ‘ತಿಳಿದೂ’ ಎಂಬ ಆ ಒಂದು ಪದದ ಮರೆಯಲ್ಲಿ ಎಷ್ಟೋ ಜನ ಕುಳಿತಿದ್ದಾರೆ. ಕೇಳಿದರೆ ತಿಳಿದುಬಿಡುವುದೆಂದು ಕೇಳದೆ ಇರುವವರು ಅವರು. ಆ ವಾರ ನಾನೂ ಅವರಲ್ಲೊಬ್ಬನಾಗಲು ಬಯಸಿದ್ದೆನೆಂಬುದನ್ನು ಮುಚ್ಚಿಡಲಾರೆ.

ಆದರೆ ನ್ಯಾಯವಾಗಿ ನೋಡಿದರೆ ಒಡೆತನವೆಂಬುದೇ ಇಲ್ಲಿ ಗೋಜಲಾಗಿದೆ. ಕಂಪನಿಯವರು ಮಾರಿದೆವೆನ್ನುವುದಿಲ್ಲ, ಬಳಸಲು ಅನುಮತಿಸಿದೆವೆನ್ನುತ್ತಾರೆ. ಹಣವನ್ನಾದರೋ ಮಾರಾಟದಂತೆಯೇ ಒಮ್ಮೆಗೇ ತೆಗೆದುಕೊಳ್ಳುತ್ತಾರೆ. ತೆರಿಗೆಯ ನಿಮಿತ್ತ ಕರ್ನಾಟಕದ ಉಚ್ಚ ನ್ಯಾಯಾಲಯದಿಂದ ಮೇಲೆ ಹೋದ ವ್ಯಾಜ್ಯಗಳಲ್ಲಿ ಸರ್ವೋಚ್ಚ ನ್ಯಾಯಾಲಯವು 2021ರ ಮಾರ್ಚ್ 2ರಂದು ತೀರ್ಪಿತ್ತು, ಇಂಥ ಹಣ ಕೃತಿಸ್ವಾಮ್ಯದ ರಾಯಧನವಲ್ಲ, ಕೃತಿಯ ಒಂದು ಪ್ರತಿಯ ಬೆಲೆ ಎಂದಿತು. ಯುರೋಪಿನ ನ್ಯಾಯಾಲಯವು 2012ರಲ್ಲಿ ಇನ್ನೂ ಮುಂದೆ ಹೋಗಿ, ಶಾಶ್ವತವಾಗಿ ಕೊಂಡ ಲೈಸೆನ್ಸನ್ನು, ತನ್ನ ಪ್ರತಿಯನ್ನು ಅಳಿಸಿದ ಮೇಲೆ, ಇನ್ನೊಬ್ಬನಿಗೆ ಮಾರಬಹುದೆಂದಿತು. ಆದುದರಿಂದ ಅಗ್ಗವಾದದ್ದೆಲ್ಲ ಕಳ್ಳಮಾಲಲ್ಲ. ಹಳೆಯ ಪುಸ್ತಕದಂತೆ ಕೈ ಬದಲಾಯಿಸಿ ಬಂದ ಲೈಸೆನ್ಸೂ ಇರಬಹುದು. ಬೆಲೆ ಒಂದು ಸಾಕ್ಷಿ ಮಾತ್ರ. ಉಳಿದ ಸಾಕ್ಷಿಗಳನ್ನೂ ಕರೆಯಬೇಕು.

ಮನೆಗೆ ಬಂದಮೇಲೆ ಅಣ್ಣನು ಬೇರೆ ವಾದವನ್ನು ಹೂಡಿದನು. ಅಮೆರಿಕೆಯ ಕುಬೇರನಿಗೆ ನಮ್ಮ ಹತ್ತು ಸಾವಿರದಿಂದ ಆಗಬೇಕಾದ್ದೇನು? ಮನೆಯಲ್ಲಿದ್ದ ಹಳೆಯ ಯಂತ್ರ ಕೆಟ್ಟಿರಲಿಲ್ಲ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವನ್ನು ಅವರೇ ನಿಲ್ಲಿಸಿದರು, ಹನ್ನೊಂದನೆಯದು ಆ ಯಂತ್ರದಲ್ಲಿ ಹಿಡಿಸದು. ಹೊಸದನ್ನು ಕೊಳ್ಳುವ ಹಾಗೆ ಮಾಡಿದವರೇ ಬೆಲೆಯನ್ನೂ ಕಟ್ಟಿದರೆ ಧರ್ಮ ಯಾರದು? ಅವನು ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವವನು. ಬೀಜದ ವಿಷಯದಲ್ಲಿ ಸರಕಾರ ರೈತನನ್ನು ಹೀಗೆ ಕೈಬಿಡಲಿಲ್ಲವೆಂದು ಅವನ ಮಾತು. ಅದು ನಿಜವೂ ಹೌದು. 2001ರ ಸಸ್ಯತಳಿ ಮತ್ತು ರೈತರ ಹಕ್ಕುಗಳ ಕಾಯಿದೆಯು, ಸಂರಕ್ಷಿತ ತಳಿಯ ಬೀಜವನ್ನೂ ರೈತನು ಉಳಿಸಿ, ಬಿತ್ತಿ, ಹಂಚಿ, ಮಾರಬಹುದೆಂದಿದೆ; ಬ್ರಾಂಡಿನ ಹೆಸರು ಹಚ್ಚಿ ಮಾತ್ರ ಮಾರಕೂಡದು. ಗಣಕದ ಬಳಕೆದಾರನಿಗೂ ಅಂಥ ಹಕ್ಕನ್ನು ಕೇಳತಕ್ಕದ್ದೇ. ಆದರೆ ರೈತನಿಗೆ ಆ ಹಕ್ಕು ಬಂದದ್ದು ಶಾಸನಸಭೆಯಲ್ಲಿ ಬಹಿರಂಗವಾಗಿ. ಸಂಜೆಗತ್ತಲ ಆರುನೂರು ರೂಪಾಯಿಯಿಂದ ಯಾವ ಹಕ್ಕೂ ಹುಟ್ಟುವುದಿಲ್ಲ, ಆ ಹಣ ಕುಬೇರನ ಗರ್ವವನ್ನು ಇಳಿಸುವುದೂ ಇಲ್ಲ, ಮಧ್ಯದಲ್ಲಿರುವ ಯಾರದೋ ಜೇಬನ್ನು ಸೇರುತ್ತದೆ. ಅಲ್ಲದೆ ಹುಡುಗಿ ಕಲಿಯಬೇಕಾದ ಟ್ಯಾಲಿ, ಬೆಂಗಳೂರಿನಲ್ಲಿ 1986ರಲ್ಲಿ ಹುಟ್ಟಿದ ಕಂಪನಿಯದು. ಕುಬೇರನ ವಿರುದ್ಧ ಒಮ್ಮೆ ಒಪ್ಪಿಕೊಂಡ ವಾದವು ಅಲ್ಲಿಗೇ ನಿಲ್ಲದೆ ಬೆಂಗಳೂರಿಗೂ ಬರುತ್ತದೆ.

ಬಡವನು ಪ್ರಾಮಾಣಿಕತೆಗೆ ಇಷ್ಟು ಬೆಲೆ ತೆರಲಾರನೆಂಬುದೇ ಕೊನೆಯ ಮಾತಾಗಿದ್ದರೆ ನಾನು ಸೋಲುತ್ತಿದ್ದೆನೋ ಏನೋ. ಆದರೆ ಬೇರೊಂದು ದಾರಿ ತೆರೆದೇ ಇದೆ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಸಾರಿದ ಗ್ನೂ ಯೋಜನೆಯೂ, ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಹೊರತಂದ ಲಿನಕ್ಸೂ ಸೇರಿ ಬೆಳೆದ ವ್ಯವಸ್ಥೆಗಳು, ಡೆಬಿಯನ್ ಉಬುಂಟು ಮೊದಲಾದವು, ಕಾಸಿಲ್ಲದೆ ದೊರೆಯುತ್ತವೆ. ಬೆಲೆ ಇಲ್ಲಿ ಆರುನೂರಕ್ಕಿಂತಲೂ ಹೀನ, ಸೊನ್ನೆ! ಆದರೂ ವಿಜ್ಞಾನೇಶ್ವರನ ಪ್ರಕರಣ ಇದಕ್ಕೆ ತಗಲದು. ಕೊಡುವವರು ಒಡೆಯರೇ, ಕೊಡುವುದು ಹಗಲು ಬೆಳಕಿನಲ್ಲಿ, ನೀನೂ ಪ್ರತಿ ಮಾಡಿ ಹಂಚು ಎಂದು ಬರೆದು ಕೊಡುತ್ತಾರೆ. ತೊಂದರೆಯಿಲ್ಲವೆಂದು ನಾನು ಹೇಳಲಾರೆ: ಟ್ಯಾಲಿ ವಿಂಡೋಸಿಗೆಂದೇ ರಚಿತವಾದದ್ದು, ಕೆಟ್ಟರೆ ತಿದ್ದಬಲ್ಲವರು ನಮ್ಮ ಊರುಗಳಲ್ಲಿ ವಿರಳ.

ನಮ್ಮೂರ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಚಿನ್ನದ ಗಣಿಯ ಇಂಜಿನಿಯರನಾದ ಬೀಡನ್ ಎಂಬವನು 1915ರಲ್ಲಿ ಅದನ್ನು ಕಂಡುಹಿಡಿದನು. ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದು ಅದರಿಂದ ನಿಶ್ಚಯವಾಯಿತೆಂದು ಶಾಲೆಯ ಮಕ್ಕಳೂ ಹೇಳುವರು. ಅದರ ಉಳಿದ ಅಭಿಪ್ರಾಯವನ್ನು ಹೇಳುವವರು ಕಡಿಮೆ. ಈ ಧರ್ಮಫಲವನ್ನು ದೊಡ್ಡವರೇ ಪಡೆಯಬಲ್ಲರೆಂದು ತಿಳಿಯಬೇಡಿರಿ, ಸಣ್ಣವನೂ ಪಡೆಯಬಲ್ಲನೆಂದು ಅದು ಸಾರುತ್ತದೆ. ಅಣ್ಣನಿಗೆ ಇದನ್ನು ನೆನಪಿಸಿದಾಗ ಅವನು, “ಅಶೋಕ ಲೈಸೆನ್ಸ್ ಕೊಂಡಿರಲಿಲ್ಲ” ಎಂದು ನಕ್ಕನು.

ವಾರ ಕಳೆದ ಮೇಲೆ ಸಿಂಧನೂರಿಗೆ ಹೋದೆವು. ಹುಡುಗಿಯೇ ಮಾತಾಡಿದಳು. ಯಂತ್ರ, ಕೀಲಿಮಣೆ, ಮೌಸು ಎಲ್ಲವನ್ನೂ ಅಂಗಡಿಯವನು ಬಿಲ್ಲಿನಲ್ಲಿ ಬರೆದನು. “ಆರುನೂರು ರೂಪಾಯಿ ಕೀನೂ ಅದರಾಗೇ ಬರೀರಿ, ಯಾರ ಕಡೆಯಿಂದ ತಂದೀರಿ ಅಂತನೂ ಬರೀರಿ” ಎಂದಳು. ಅವನು ಪೆನ್ನನ್ನು ಕೆಳಗಿಟ್ಟು, “ಅದನ್ನ ಬಿಲ್ಲಿನ್ಯಾಗ ಬರಿಯಾಕ ಬರಂಗಿಲ್ಲವ್ವ, ನಮಗೂ ಫೋನಿನ್ಯಾಗ ಬರ್ತದ, ಯಾರು ಕಳಸ್ತಾರೋ ನಮಗೂ ಗೊತ್ತಿಲ್ಲ” ಎಂದನು. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಕೇಳಿದ್ದಕ್ಕೆ ನಿಜವನ್ನೇ ಹೇಳಿದನು.

ಈಗ ಮನೆಯ ಯಂತ್ರದಲ್ಲಿ ಉಬುಂಟು ಇದೆ. ಟ್ಯಾಲಿಯನ್ನು ಅವಳು ಲಿಂಗಸುಗೂರಿನ ಕಾಲೇಜಿನಲ್ಲಿ ಕಲಿಯುತ್ತಿದ್ದಾಳೆ. ಸುಗ್ಗಿಯ ಹಣ ಬಂದಮೇಲೆ ಕಂಪನಿಯಿಂದಲೇ ಲೈಸೆನ್ಸನ್ನು ಕೊಳ್ಳುವುದೋ ಬೇಡವೋ ಎಂದು ಅಪ್ಪನಿಗೂ ಮಗಳಿಗೂ ವಾದ ನಡೆದೇ ಇದೆ.